ಸುದ್ದಿ ತಂದವರ ಹೆಸರು

ನಮ್ಮ ಕಾಲವನ್ನು ಮಾಧ್ಯಮಗಳ ಯುಗವೆಂದು ಕರೆಯುವುದು ವಾಡಿಕೆಯಾಗಿದೆ. ಹಾಗೆ ಕರೆದೊಡನೆ ನಮ್ಮ ಮನಸ್ಸು ದೆಹಲಿ, ಬೆಂಗಳೂರುಗಳ ಕಡೆಗೆ ಓಡುತ್ತದೆ. ದೊಡ್ಡ ವಾಹಿನಿಗಳು, ದೊಡ್ಡ ಪತ್ರಿಕೆಗಳು, ದೊಡ್ಡ ವಿವಾದಗಳು ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಯಾವ ಸುದ್ದಿಯೇ ಆಗಲಿ, ಕೊನೆಗೆ ಬಂದು ತಲುಪುವುದು ಒಂದು ಮನೆಯ ಪಡಸಾಲೆಗೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪಡಸಾಲೆಗಳಿಗೆ ಸುದ್ದಿ ಯಾವ ಯಾವ ದಾರಿಯಿಂದ ಬಂತು, ಅದನ್ನು ತಂದವರು ಯಾರು, ಅವರ ಹೆಸರು ಕೇಳುಗನಿಗೆ ಗೊತ್ತಿತ್ತೇ ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡುವುದು ಈ ಲೇಖನದ ಉದ್ದೇಶ. ಇಂದಿನ ಸುದ್ದಿಯನ್ನು ಕುರಿತು ನಾವು ಪಡುವ ಕಳವಳಕ್ಕೆ ಕಾರಣ ಅದರ ವೇಗವೊಂದೇ ಅಲ್ಲವೆಂದು ನನಗೆ ತೋರುತ್ತದೆ.

ಅಚ್ಚಿನ ಮೊಳೆ ಬರುವುದಕ್ಕೆ ಮುಂಚೆ ಈ ಸೀಮೆಯಲ್ಲಿ ಸುದ್ದಿಗೆ ಕಾಲುಗಳಿದ್ದವು. ಸರಕಾರದ ಆಜ್ಞೆಯನ್ನು ಡಂಗುರ ಸಾರುವವನು ಓಣಿ ಓಣಿಗೆ ತರುತ್ತಿದ್ದ. ಮಳೆ, ಬೆಲೆ, ಬೇನೆಗಳ ವಾರ್ತೆ ವಾರದ ಸಂತೆಯಲ್ಲಿ ಕೈ ಬದಲಾಯಿಸುತ್ತಿತ್ತು. ಜೊತೆಗೆ ಆಟದ ಅಟ್ಟವೂ ಇತ್ತು. ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟಕ್ಕೆ ಕುಲಗೋಡ ತಮ್ಮಣ್ಣನ ಹೆಸರು ಅಂಟಿಕೊಂಡಿದೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಬೆಳೆದದ್ದೂ ಈ ಮಣ್ಣಿನಲ್ಲೇ. ಕೃಷ್ಣ, ರುಕ್ಮಿಣಿ, ಸತ್ಯಭಾಮೆಯರ ಕಥೆ ಬೆಳಗಿನವರೆಗೆ ನಡೆಯುವಾಗ ನಡುನಡುವೆ ನಗೆಯ ಮಾತಿನಲ್ಲಿ ಊರಿನ ಸಂಗತಿಗಳೂ ನುಸುಳುತ್ತಿದ್ದವು. ಮುಂದೆ ಸ್ವಾತಂತ್ರ್ಯದ ಹೋರಾಟ ಬಂದಾಗ ಗೀಗೀ ಮೇಳಗಳು ಖಾದಿಯನ್ನೂ ಕರನಿರಾಕರಣೆಯನ್ನೂ ಹಾಡಿಗೆ ತಂದವು. ಆ ಸುದ್ದಿಯಲ್ಲಿ ಉತ್ಪ್ರೇಕ್ಷೆ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಹೇಳಿದವನು ಎದುರಿಗೆ ನಿಂತಿರುತ್ತಿದ್ದ. ಅವನ ಊರು, ಮನೆತನ, ಸ್ವಭಾವ ಕೇಳುವವರಿಗೆ ಗೊತ್ತಿತ್ತು. ಸುಳ್ಳೆನಿಸಿದರೆ ಮುಂದಿನ ಸಂತೆಯಲ್ಲಿ ಅವನನ್ನು ತಡೆದು ಕೇಳಬಹುದಿತ್ತು.

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಕ್ರೈಸ್ತ ಸೇವಕನೊಬ್ಬನ ಕೈಯಲ್ಲಿ ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕಾದ ಸಂಗತಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದ. ತಿಂಗಳಿಗೆ ಎರಡು ಸಲ ಬರುತ್ತಿದ್ದ ನಾಲ್ಕು ಪುಟದ ಪತ್ರಿಕೆ ಅದು. ಊರಿನ ವರ್ತಮಾನ, ಸರಕಾರದ ನಿರೂಪ, ಪರದೇಶದ ವಾರ್ತೆ, ಗಾದೆ, ದಾಸರ ಪದ ಎಲ್ಲಕ್ಕೂ ಅದರಲ್ಲಿ ಎಡೆಯಿತ್ತು. ಧರ್ಮಪ್ರಚಾರಕ್ಕೆ ಬಂದವನು ಪುರಂದರದಾಸರನ್ನು ಅಚ್ಚು ಹಾಕಿದನೆಂಬುದನ್ನು ಇಂದು ನೆನೆದರೆ ಆಶ್ಚರ್ಯವಾಗುತ್ತದೆ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂದು ಹೆಸರು ಬದಲಿಸಿಕೊಂಡಿತು; ಬಹುಕಾಲ ಬದುಕಲಿಲ್ಲ. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಈ ಕಾರಣದಿಂದ.

ಮಂಗಳೂರಿನ ಪತ್ರಿಕೆಗೂ ಘಟಪ್ರಭೆಯ ದಂಡೆಗೂ ಬಹಳ ದೂರ. ಆಗ ನಮ್ಮ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಕಚೇರಿಯ ಭಾಷೆಯಾಗಿ ಮರಾಠಿ ಬಹುಕಾಲ ನಡೆದಿತ್ತು. 1881ರಲ್ಲಿ ಪುಣೆಯಲ್ಲಿ ಹುಟ್ಟಿದ ‘ಕೇಸರಿ’ಗೆ ಬೆಳಗಾವಿ ಜಿಲ್ಲೆಯಲ್ಲಿ ಓದುಗರಿದ್ದರು. ಗೋಕಾಕ ಫಾಲ್ಸಿನ ನೂಲಿನ ಗಿರಣಿ ಸುರುವಾಗಿ, ಧಬಧಬೆಯ ನೀರಿನಿಂದ 1887ರಲ್ಲಿ ವಿದ್ಯುತ್ತು ಹುಟ್ಟಿದ ಕಾಲವದು. ರೈಲಿನ ಹಳಿ ಬಂದ ಮೇಲೆ ಪತ್ರಿಕೆಯ ಕಟ್ಟು ಬರುವ ದಾರಿಯೂ ಸುಗಮವಾಯಿತು.

ಇಲ್ಲಿ ಒಂದು ಕಾಯಿದೆಯ ಮಾತನ್ನು ಹೇಳಬೇಕು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಭಾರತದಲ್ಲಿ ಅಚ್ಚಾದ ಪ್ರತಿಯೊಂದು ಪತ್ರಿಕೆಯ ಮೇಲೂ ಮುದ್ರಕನ ಮತ್ತು ಪ್ರಕಾಶಕನ ಹೆಸರು, ಅಚ್ಚಾದ ಸ್ಥಳ ಇರಲೇಬೇಕಾಯಿತು. ಕೊನೆಯ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರುವ, ಯಾರೂ ಓದದ ಆ ಸಾಲು ಅಲ್ಲಿಂದ ಬಂದದ್ದು. ಬ್ರಿಟಿಷರು ಅದನ್ನು ಮಾಡಿದ್ದು ಓದುಗನ ಮೇಲಿನ ಪ್ರೀತಿಯಿಂದಲ್ಲ. ಬರೆದವರ ಮೇಲೆ ಕಣ್ಣಿಡುವುದಕ್ಕೆ. ಆದರೂ ಅದರಿಂದ ಓದುಗನಿಗೆ ಒಂದು ಲಾಭವಾಯಿತು. ಸುದ್ದಿಗೆ ಹೊಣೆಗಾರನೊಬ್ಬ ಇದ್ದಾನೆಂಬುದು ಖಚಿತವಾಯಿತು. 1908ರಲ್ಲಿ ‘ಕೇಸರಿ’ಯ ಲೇಖನಗಳಿಗಾಗಿ ಲೋಕಮಾನ್ಯ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಮಂಡಾಲೆಗೆ ಕಳಿಸಿದಾಗ, ಈ ಬರಹ ನನ್ನದಲ್ಲ ಎಂದು ಅವರು ನುಣುಚಿಕೊಳ್ಳಲಿಲ್ಲ. ಅವರ ಎಲ್ಲ ಮಾತನ್ನು ಒಪ್ಪದವರೂ ಆ ಹೊಣೆಗಾರಿಕೆಗೆ ತಲೆಬಾಗಲೇಬೇಕು. ಆ ಹಳೆಯ ಕಾಯಿದೆಯ ಬದಲಿಗೆ 2023ರಲ್ಲಿ ಹೊಸ ಕಾಯಿದೆ ಬಂದಿದೆ. ಪತ್ರಿಕೆಗೆ ನೋಂದಣಿ ಬೇಕೆಂಬ ನಿಯಮ ಮಾತ್ರ ಉಳಿದುಕೊಂಡಿದೆ.

ಕನ್ನಡದ ದನಿ ಉತ್ತರ ಕರ್ನಾಟಕದಲ್ಲಿ ಗಟ್ಟಿಯಾದದ್ದು ಇಪ್ಪತ್ತನೆಯ ಶತಮಾನದ ಇಪ್ಪತ್ತರ ದಶಕದಿಂದ. 1921ರಲ್ಲಿ ಧಾರವಾಡದಲ್ಲಿ ರಂಗನಾಥ ದಿವಾಕರರು ‘ಕರ್ಮವೀರ’ವನ್ನು ಹೊರಡಿಸಿದರು. ಬೆಳಗಾವಿಯಲ್ಲಿ ಬೇರುಬಿಟ್ಟ ‘ಸಂಯುಕ್ತ ಕರ್ನಾಟಕ’ ಮುಂದೆ ಹುಬ್ಬಳ್ಳಿಗೆ ಹೋಗಿ ಮೊಹರೆ ಹಣಮಂತರಾಯರ ಕೈಯಲ್ಲಿ ಇಡೀ ಭಾಗದ ಪತ್ರಿಕೆಯಾಯಿತು. ಈ ಕೆಲಸಕ್ಕೆ ಗೋಕಾಕ ತಾಲೂಕು ಇಬ್ಬರು ದೊಡ್ಡವರನ್ನು ಕೊಟ್ಟಿತು. ಒಬ್ಬರು ಬೆಟಗೇರಿಯ ಕೃಷ್ಣಶರ್ಮರು, ಅಂದರೆ ಕವಿ ಆನಂದಕಂದರು. ‘ಜಯಂತಿ’ ಮಾಸಪತ್ರಿಕೆಯನ್ನು ಅವರು ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು. ಲಾಭದ ಆಸೆಯಿಂದ ಅಂಥ ಪತ್ರಿಕೆಯನ್ನು ಅಷ್ಟು ವರ್ಷ ಯಾರೂ ನಡೆಸುವುದಿಲ್ಲ.

ಇನ್ನೊಬ್ಬರು ಮಲಾಮರಡಿಯ ಬಸವರಾಜ ಕಟ್ಟೀಮನಿ. ಇವರ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ; ನಮ್ಮ ಪ್ರಶ್ನೆಗೆ ಅವರಷ್ಟು ಹತ್ತಿರ ಬಂದವರು ಕಡಿಮೆ. 1919ರ ಅಕ್ಟೋಬರ್ 5ರಂದು ಹುಟ್ಟಿದ ಕಟ್ಟೀಮನಿ ಚಿಕ್ಕ ವಯಸ್ಸಿನಲ್ಲೇ ಪತ್ರಿಕೋದ್ಯಮಕ್ಕೆ ಬಂದು ‘ಸಂಯುಕ್ತ ಕರ್ನಾಟಕ’ವೂ ಸೇರಿದಂತೆ ಹಲವು ಪತ್ರಿಕೆಗಳಲ್ಲಿ ದುಡಿದರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಆ ವರ್ಷ ಬೆಳಗಾವಿ ಜಿಲ್ಲೆ ಕುದಿಯುತ್ತಿತ್ತು. ಚಾವಡಿಗಳ ದಫ್ತರಗಳು ಸುಟ್ಟವು, ತಂತಿಗಳು ಕತ್ತರಿಸಿ ಬಿದ್ದವು. ಪತ್ರಿಕೆಗಳ ಮೇಲೆ ಸರಕಾರದ ಕತ್ತರಿ ಇದ್ದುದರಿಂದ ಸುದ್ದಿ ಗುಟ್ಟಾಗಿ ಅಚ್ಚಾದ ಕರಪತ್ರಗಳಲ್ಲಿ ಓಡಾಡಿತು. ಹೆಸರಿಲ್ಲದ ಸುದ್ದಿಯೆಲ್ಲ ಕೆಟ್ಟದ್ದೆಂದು ಹೇಳಲು ಹೊರಟವರಿಗೆ 1942 ಒಂದು ತಡೆ. ಆಗ ಹೆಸರು ಮರೆಸಿದ್ದು ಬಲಿಷ್ಠನಿಂದ ದುರ್ಬಲನನ್ನು ಉಳಿಸಲಿಕ್ಕೆ. ಆ ಕರಪತ್ರ ಸಿಕ್ಕಿಬಿದ್ದರೆ ಒಯ್ದವನು ಜೇಲಿಗೆ ಹೋಗುತ್ತಿದ್ದ. ಇಂದು ಹೆಸರು ಮರೆಸಿಕೊಳ್ಳುವವನು ಸಾಮಾನ್ಯವಾಗಿ ಯಾರ ಮೇಲೆ ಗುಂಪನ್ನು ಎಬ್ಬಿಸುತ್ತಾನೆ ಎಂಬುದನ್ನು ನೋಡಿದರೆ ಎರಡಕ್ಕೂ ಇರುವ ಅಂತರ ತಿಳಿಯುತ್ತದೆ.

ಆ ಚಳವಳಿಯ ಅನುಭವದಿಂದ ಅವರು ‘ಮಾಡಿ ಮಡಿದವರು’ ಬರೆದರು. ಪತ್ರಿಕಾಲಯದ ಅನುಭವದಿಂದ ‘ಜ್ವಾಲಾಮುಖಿಯ ಮೇಲೆ’ ಬಂತು. 1951ರ ಈ ಕಾದಂಬರಿ ಸುದ್ದಿ ತಯಾರಾಗುವ ಅಡಿಗೆಮನೆಯ ಬಾಗಿಲನ್ನು ಕನ್ನಡ ಓದುಗನಿಗೆ ತೆರೆದು ತೋರಿಸಿತು. ಪತ್ರಿಕೆಯಲ್ಲಿ ನ್ಯಾಯದ ಮಾತು ಅಚ್ಚಾಗುತ್ತದೆ. ಅದನ್ನು ಬರೆಯುವವನ ಹೊಟ್ಟೆ ತುಂಬುವುದಿಲ್ಲ. ಸಂಬಳ ಕೊಡುವ ಮಾಲಿಕನ ಇಷ್ಟಕ್ಕೂ ಬರೆಯುವವನ ಅಂತಃಕರಣಕ್ಕೂ ನಡೆಯುವ ಜಗ್ಗಾಟವನ್ನು ಒಳಗಿದ್ದವರಲ್ಲದೆ ಬೇರೆಯವರು ಹೇಳಲಾರರು. ಈ ಕೃತಿಗೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. 1980ರಲ್ಲಿ ಬೆಳಗಾವಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಕಟ್ಟೀಮನಿಯವರೇ ಅಧ್ಯಕ್ಷರು. ಧರ್ಮದ ಹೆಸರಿನ ಡಂಭವನ್ನು ಅವರು ತೀಕ್ಷ್ಣವಾಗಿ ಬರೆದರು. ಮಠ, ಮಂದಿರ, ಚರ್ಚುಗಳಿಗೆ ಸೇರಿದ ನಮ್ಮಂಥವರಿಗೆ ಅದು ಯಾವಾಗಲೂ ಹಿತವಾಗಿರಲಿಕ್ಕಿಲ್ಲ. ಆದರೆ ಬರೆದದ್ದರ ಕೆಳಗೆ ಹೆಸರಿತ್ತು. ಬಂದ ಸಿಟ್ಟನ್ನು ಅವರೇ ಎದುರಿಸಿದರು.

ಪ್ರಾಸಂಗಿಕವಾಗಿ ಒಂದು ಮಾತು. ‘ಗೋಕಾಕ ಚಳವಳಿ’ ಗೋಕಾಕ ಊರಿನಲ್ಲಿ ನಡೆಯಿತೆಂದು ನಮ್ಮ ಶಾಲೆಯ ಮಕ್ಕಳು ಎಷ್ಟೋ ಜನ ತಿಳಿದಿದ್ದಾರೆ. ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ಕೊಟ್ಟ ವರದಿಯಿಂದ ಅದಕ್ಕೆ ಆ ಹೆಸರು. 1982ರಲ್ಲಿ ಅದು ರಾಜ್ಯವ್ಯಾಪಿಯಾಗಿ ಹಬ್ಬುವಲ್ಲಿ ಪತ್ರಿಕೆಗಳ ಪಾತ್ರ ದೊಡ್ಡದಾಗಿತ್ತು. ಊರಿನ ಹೆಸರೊಂದು ಸುದ್ದಿಯಲ್ಲಿ ಸಿಕ್ಕಿಕೊಂಡರೆ ಊರಿಗೂ ಸುದ್ದಿಗೂ ಸಂಬಂಧವಿರಲೇಬೇಕೆಂದಿಲ್ಲ.

ಗಡಿಯ ಜನರಿಗೆ ಸುದ್ದಿಯ ವಿಷಯದಲ್ಲಿ ಒಂದು ವಿಶೇಷ ಶಿಕ್ಷಣ ಸಿಕ್ಕಿದೆ. ಹುಕ್ಕೇರಿ, ಸಂಕೇಶ್ವರದ ಕಡೆಯ ಹಿರಿಯರಲ್ಲಿ ಕನ್ನಡ, ಮರಾಠಿ ಎರಡೂ ಪತ್ರಿಕೆ ಓದುವವರು ಬಹಳ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟ ಕಾಲದಿಂದಲೂ ಗಡಿಯ ಒಂದೇ ಘಟನೆಯನ್ನು ಎರಡು ಭಾಷೆಯ ಪತ್ರಿಕೆಗಳು ಎರಡು ಬಗೆಯಾಗಿ ಬರೆದಿವೆ. ಒಂದರಲ್ಲಿ ಬಂದ್ ಯಶಸ್ವಿ, ಇನ್ನೊಂದರಲ್ಲಿ ನೀರಸ. ಒಂದರಲ್ಲಿ ಹುತಾತ್ಮನಾದವನು ಇನ್ನೊಂದರಲ್ಲಿ ಪುಂಡ. ಎರಡನ್ನೂ ಓದಿದ ಮುದುಕ ಬಸ್ ನಿಲ್ದಾಣದ ಚಹದ ಅಂಗಡಿಯಲ್ಲಿ ಎರಡನ್ನೂ ಮಡಚಿಟ್ಟು, ‘ಖರೇ ಏನು ಅನ್ನೂದು ನಡುವೆ ಎಲ್ಲೋ ಐತಿ’ ಎನ್ನುತ್ತಾನೆ. ಪತ್ರಿಕೋದ್ಯಮದ ಯಾವ ಕಾಲೇಜಿನಲ್ಲೂ ಇದಕ್ಕಿಂತ ಒಳ್ಳೆಯ ಪಾಠ ಇರಲಾರದು. ಎರಡು ಭಾಷೆ ಬಲ್ಲವನಿಗೆ ಸುಳ್ಳು ಹೇಳುವುದು ಸ್ವಲ್ಪ ಕಷ್ಟ.

ಧಾರವಾಡ ಆಕಾಶವಾಣಿ 1950ರಿಂದ ರೈತನ ಮನೆಗೆ ದನಿ ತಂದಿತು. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿ, ಸರಕಾರ ಮನಸ್ಸು ಮಾಡಿದರೆ ಎಲ್ಲ ದನಿಗಳನ್ನೂ ಒಂದೇ ಶ್ರುತಿಗೆ ತರಬಲ್ಲದೆಂದು ತೋರಿಸಿತು. ಅವುಗಳನ್ನು ದಾಟಿ ಇಪ್ಪತ್ತನಾಲ್ಕು ತಾಸಿನ ವಾಹಿನಿಗಳ ಕಾಲಕ್ಕೆ ಬರುತ್ತೇನೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿತು. ಹಿಡಕಲ್ ಜಲಾಶಯದಿಂದ ಬಿಟ್ಟ ನೀರು, ಮೇಲೆ ಸುರಿದ ಮಳೆ ಎರಡೂ ಕೂಡಿ ಗೋಕಾಕ ಪಟ್ಟಣದ ತಗ್ಗಿನ ಓಣಿಗಳು ಮುಳುಗಿದವು. ಲೋಳಸೂರ ಸೇತುವೆಯ ಮೇಲೆ ನೀರು ಹರಿಯಿತು. ಕ್ಯಾಮರಾಗಳು ಬಂದವು. ಅವು ಬಂದದ್ದರಿಂದ ಒಳ್ಳೆಯದೂ ಆಯಿತೆಂದು ಒಪ್ಪಬೇಕು. ದೂರದ ಜಿಲ್ಲೆಗಳಿಂದ ರೊಟ್ಟಿ, ಹಾಸಿಗೆ, ಔಷಧಿ ಹೊತ್ತ ಲಾರಿಗಳು ಬಂದದ್ದು ಆ ಚಿತ್ರಗಳನ್ನು ನೋಡಿದ್ದರಿಂದಲೇ. ಅದೇ ವರ್ಷ ಅಕ್ಟೋಬರಿನಲ್ಲಿ ಗೋಕಾಕದ ಗುಡ್ಡದ ಮೇಲಿನ ಬೃಹತ್ ಬಂಡೆ ಉರುಳೀತೆಂಬ ಭಯ ಬಂದಾಗ ಕ್ಯಾಮರಾಗಳು ಮತ್ತೆ ಬಂದವು. ಡಿಸೆಂಬರ್ 5ರ ಉಪಚುನಾವಣೆಗೆ ಮೂರನೆಯ ಸಲ ಬಂದವು. ಆಗ ತಿಂಗಳುಗಟ್ಟಲೆ ರಾಜ್ಯಕ್ಕೆಲ್ಲ ಗೋಕಾಕವೆಂದರೆ ಚುನಾವಣೆ. ಪೂರ್ತಿ ಬಿದ್ದ ಮನೆಗೆ ಸರಕಾರ ಘೋಷಿಸಿದ 5 ಲಕ್ಷ ರೂಪಾಯಿ ಯಾವ ಪಟ್ಟಿಯಲ್ಲಿ ಯಾರಿಗೆ ಬಂತು, ‘ಭಾಗಶಃ ಹಾನಿ’ ಎಂದು ಬರೆಯಿಸಿಕೊಂಡವರ ಗತಿ ಏನು ಎಂದು ಕೇಳಲು ಬಂದವರು ಮಾತ್ರ ವಿರಳ. ಮನೆ ಬೀಳುವುದು ಒಂದು ಕ್ಷಣದ ದೃಶ್ಯ. ಮನೆ ಕಟ್ಟುವುದಕ್ಕೆ ದೃಶ್ಯವಿಲ್ಲ.

ಇದಕ್ಕೆ ವರದಿಗಾರನನ್ನೊಬ್ಬನನ್ನೇ ದೂಷಿಸಿ ಫಲವಿಲ್ಲ. ವಾಹಿನಿಯ ಆದಾಯ ಜಾಹೀರಾತಿನಿಂದ. ಜಾಹೀರಾತು ನೋಡುಗರ ಎಣಿಕೆಯಿಂದ. ಆ ಎಣಿಕೆಗಾಗಿ 2020ರ ಸುಮಾರಿಗೆ ದೇಶದ ಕೋಟ್ಯಂತರ ಟಿ.ವಿ. ಮನೆಗಳ ಪೈಕಿ ಸುಮಾರು 44 ಸಾವಿರ ಮನೆಗಳಲ್ಲಿ ಮಾತ್ರ ಮಾಪಕವಿತ್ತು. ಅಳತೆಯಲ್ಲಿ ಮೋಸ ನಡೆದಿದೆಯೆಂಬ ಆರೋಪ ಬಂದ ಮೇಲೆ 2020ರ ಅಕ್ಟೋಬರಿನಿಂದ 2022ರ ಮಾರ್ಚಿನವರೆಗೆ ಸುದ್ದಿ ವಾಹಿನಿಗಳ ವಾರದ ಅಂಕಿಗಳನ್ನೇ ನಿಲ್ಲಿಸಿದ್ದರು. ಆದರೂ ವಾಹಿನಿಗೆ ಒಂದು ಕಚೇರಿ ಇದೆ, ಸಂಪಾದಕನಿದ್ದಾನೆ, ನ್ಯಾಯಾಲಯಕ್ಕೆ ಕರೆಯಬಹುದು. ಕೈಯೊಳಗಿನ ಮೊಬೈಲಿಗೆ ಬಂದ ಸುದ್ದಿಗೆ ಅದೂ ಇಲ್ಲ.

2018ರ ಬೇಸಿಗೆಯನ್ನು ನೆನಪಿಸಿಕೊಳ್ಳಿರಿ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ರಾಜ್ಯದಲ್ಲೆಲ್ಲ ಹರಿದಾಡಿತು. ಜೊತೆಗೆ ಒಂದು ದೃಶ್ಯ: ಬೈಕಿನಲ್ಲಿ ಬಂದ ಇಬ್ಬರು ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಪಾಲಕರನ್ನು ಎಚ್ಚರಿಸಲು ಮಾಡಿದ ಅಭಿನಯದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ತಿರುಗಿ ತಂದುಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ದುಡಿಯಲು ಬಂದ ರಾಜಸ್ಥಾನದ ಯುವಕನೊಬ್ಬ ಗುಂಪಿನ ಏಟಿಗೆ ಸತ್ತ. ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಹೈದರಾಬಾದಿನಿಂದ ಬಂದ ಸ್ನೇಹಿತರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರ ಕಾರು ಮುಂದಿನ ಊರು ತಲುಪುವ ಮೊದಲೇ ಸಂದೇಶ ತಲುಪಿತ್ತು. ಇಂಜಿನಿಯರನಾಗಿದ್ದ ಒಬ್ಬ ತರುಣ ಪ್ರಾಣ ಕಳೆದುಕೊಂಡ. ಆ ತಿಂಗಳೇ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕಿತು. ಮುರ್ಕಿಯಲ್ಲಿ ಹೊಡೆದವರನ್ನು ಪೊಲೀಸರು ಹಿಡಿದರು. ಕರಾಚಿಯ ಚಿತ್ರಕ್ಕೆ ಮೊದಲ ಕತ್ತರಿ ಹಾಕಿದವನು ಯಾರು?

ಇದೇ ವರ್ಷ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶಕ್ಕೆ ಪೋಪ್ ಫ್ರಾನ್ಸಿಸರು ಆರಿಸಿಕೊಂಡದ್ದು ಸುಳ್ಳುಸುದ್ದಿಯ ವಿಷಯವನ್ನೇ. ಎರಡನೆಯ ವ್ಯಾಟಿಕನ್ ಮಹಾಸಭೆಯ ಆಶಯದಂತೆ 1967ರಿಂದ ಧರ್ಮಸಭೆ ಈ ದಿನವನ್ನು ಆಚರಿಸುತ್ತಿದೆ. ಏದೆನ್ ತೋಟದ ಸರ್ಪವನ್ನೇ ಅವರು ಮೊದಲ ಸುಳ್ಳುಸುದ್ದಿಯ ಕರ್ತೃವಾಗಿ ಕಂಡರು. ಸರ್ಪ ಪೂರ್ತಿ ಸುಳ್ಳನ್ನು ಹೇಳುವುದಿಲ್ಲ. ದೇವರ ಮಾತನ್ನೇ ಸ್ವಲ್ಪ ತಿರುಚಿ, ಹಿತೈಷಿಯಂತೆ ಮಾತನಾಡುತ್ತದೆ. ಕರಾಚಿಯ ಚಿತ್ರದ ಕೊನೆ ಕತ್ತರಿಸಿದ್ದೂ ಅದೇ ವಿದ್ಯೆ.

ಇದೆಲ್ಲ ಹೊರಗಿನವರ ದೋಷವೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಧರ್ಮಕೇಂದ್ರಗಳ ಗುಂಪುಗಳಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಸುತ್ತುತ್ತಿರುವ ಒಂದು ಪ್ರಾರ್ಥನೆಯ ಬೇಡಿಕೆ ಇದೆ. ‘ಒಲಿಸಬಾಂಗ್’ ಎಂಬ ಪ್ರಾಂತದಲ್ಲಿ ಇಪ್ಪತ್ತು ಚರ್ಚುಗಳನ್ನು ಸುಟ್ಟಿದ್ದಾರೆ, ಈ ರಾತ್ರಿ ಇನ್ನೂ ಇನ್ನೂರನ್ನು ಸುಡಲಿದ್ದಾರೆ, ಮುಂದಿನ 24 ತಾಸಿನಲ್ಲಿ ಇನ್ನೂರು ಮಿಷನರಿಗಳ ಕೊಲೆ ನಡೆಯಲಿದೆ ಎಂದು ಅದು ಹೇಳುತ್ತದೆ. ಭಾರತದಲ್ಲಿ ಆ ಹೆಸರಿನ ಪ್ರಾಂತವೇ ಇಲ್ಲ. ಆ ‘ಈ ರಾತ್ರಿ’ ಇಂದಿಗೂ ಮುಗಿದಿಲ್ಲ. ಭಕ್ತಿಯಿಂದಲೇ ಕಳಿಸುತ್ತಾರೆ, ನಿಜ. ಆದರೆ 2008ರಲ್ಲಿ ಒಡಿಶಾದ ಕಂಧಮಾಲದಲ್ಲಿ ನಿಜವಾದ ಜನ ಸತ್ತರು, ನಿಜವಾದ ಮನೆಗಳು ಸುಟ್ಟವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿಯಾಯಿತು. ಇಲ್ಲದ ಊರಿನ ಚರ್ಚಿಗಾಗಿ ಕೂಗಿದವನ ಮಾತನ್ನು ಇರುವ ಊರಿನ ಚರ್ಚಿಗಾಗಿ ಕೂಗುವಾಗ ಯಾರು ನಂಬಬೇಕು? ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆ, ಆ ನೆರೆಯವನು ಬೇರೆ ಧರ್ಮದವನಾದರೆ ಸಡಿಲವಾಗುವುದಿಲ್ಲ.

ಸಂತ ಲೂಕ ತನ್ನ ಶುಭಸಂದೇಶವನ್ನು ಆರಂಭಿಸುವ ರೀತಿ ಈ ದೃಷ್ಟಿಯಿಂದ ಗಮನಾರ್ಹವಾದುದು. ಕಣ್ಣಾರೆ ಕಂಡವರಿಂದ ಬಂದದ್ದನ್ನು, ಮೊದಲಿನಿಂದ ವಿಚಾರಿಸಿ, ಕ್ರಮವಾಗಿ ಬರೆಯುತ್ತಿದ್ದೇನೆಂದು ಅವನು ಥೆಯೊಫಿಲನಿಗೆ ಹೇಳುತ್ತಾನೆ. ಯಾರಿಗೆ ಬರೆದೆ, ಎಲ್ಲಿಂದ ತಂದೆ ಎಂಬೆರಡನ್ನೂ ಮೊದಲೇ ತಿಳಿಸುತ್ತಾನೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಬೆರೋಯದ ಜನರು ಪೌಲನಂಥ ಪೌಲನ ಮಾತನ್ನೂ ಪವಿತ್ರಗ್ರಂಥದೊಡನೆ ತಾಳೆ ನೋಡಿದರು. ಲೂಕ ಅದನ್ನು ತಪ್ಪೆನ್ನಲಿಲ್ಲ, ಹೊಗಳಿದ.

ಕೊನೆಯದಾಗಿ ನಮ್ಮ ಮನೆಯ ಅಂಗಳಕ್ಕೇ ಬಂದ ಸಂಗತಿ. 2021ರ ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯಿತು. ಮತಾಂತರದ ಮಸೂದೆಗೆ ಡಿಸೆಂಬರ್ 23ರಂದು ವಿಧಾನಸಭೆಯ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ‘ಮತಾಂತರ’ವೆಂಬ ಪದ ಎಷ್ಟು ಸಲ ಪರದೆಯ ಮೇಲೆ ಬಂತೆಂದು ಎಣಿಸಿದವರಿಲ್ಲ. ಎಣಿಸಿದ್ದ ಒಂದು ಅಂಕಿ ಮಾತ್ರ ಸರಕಾರದ ಪುಸ್ತಕದಲ್ಲೇ ಇತ್ತು: ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ 2001ರ ಜನಗಣತಿಯಲ್ಲಿ ಶೇಕಡಾ 1.91, 2011ರಲ್ಲಿ ಶೇಕಡಾ 1.87. ಗಂಟೆಗಟ್ಟಲೆ ನಡೆದ ಚರ್ಚೆಗಳಲ್ಲಿ ಈ ಎರಡು ಅಂಕಿಗಳನ್ನು ಓದಲು ಅರ್ಧ ನಿಮಿಷ ಸಾಕಾಗುತ್ತಿತ್ತು.

ಅದೇ ಡಿಸೆಂಬರಿನ ಕೊನೆಯ ವಾರದಲ್ಲಿ ಮೂಡಲಗಿ ತಾಲೂಕಿನ ತುಕ್ಕಾನಟ್ಟಿಯ ಒಂದು ದಲಿತ ಕ್ರೈಸ್ತ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ ಗುಂಪೊಂದು ಒಳನುಗ್ಗಿತು. ಮತಾಂತರ ಮಾಡುತ್ತಿದ್ದೀರೆಂದು ಆರೋಪಿಸಿ ಮನೆಯವರನ್ನು ಹೊಡೆದರೆಂದು ಪೊಲೀಸರಲ್ಲಿ ದೂರು ದಾಖಲಾಯಿತು. ಹೆಂಗಸರಿಗೂ ಗಾಯಗಳಾದವು. ಮರುದಿನಗಳ ವರದಿಗಳಲ್ಲಿ ಕೆಲವು ‘ಹಲ್ಲೆ’ ಎಂದು ತಲೆಬರಹ ಕೊಟ್ಟವು, ಕೆಲವು ‘ಮತಾಂತರದ ಆರೋಪ’ ಎಂದು. ಹೊಡೆಸಿಕೊಂಡವರೂ ಹೊಡೆದವರೂ ಒಂದೇ ಸೀಮೆಯ ಜನ, ಅದೇ ಸಂತೆಗೆ ಹೋಗುವವರು, ಪಾರಿಜಾತದ ಅದೇ ಪದ ಬಲ್ಲವರು. ನುಗ್ಗಿದರೆಂದು ಆರೋಪಕ್ಕೆ ಒಳಗಾದವರ ಹೆಸರು ದೂರಿನಲ್ಲಿ ಬಂತು. ಆ ಮನೆಯಲ್ಲಿ ಏನೋ ನಡೆಯುತ್ತಿದೆಯೆಂಬ ಮಾತನ್ನು ಮೊದಲು ಆಡಿದವರು ಯಾರು, ಮೊದಲು ಅದನ್ನು ಕೇಳಿದವರು ಪಕ್ಕದ ಮನೆಯವರನ್ನಾದರೂ ವಿಚಾರಿಸಿದರೇ ಎಂಬುದು ನಾನು ಓದಿದ ಯಾವ ವರದಿಯಲ್ಲೂ ಇರಲಿಲ್ಲ.